ತೆಳ್ಳಗಿನ ಟಚ್‌ಸ್ಕ್ರೀನ್ ಲ್ಯಾಪ್‌ಟಾಪ್ ನಮ್ಮ ತೋಟದ ಮನೆಗೆ ಹೇಳಿದ್ದಲ್ಲ

ಮೊನ್ನೆ ಕಡಬ ಕಡೆಯ ಕೃಷಿಕ ಮಿತ್ರರೊಬ್ಬರು ಫೋನ್ ಮಾಡಿದ್ರು. ಮಗಳು ಇಂಜಿನಿಯರಿಂಗಿಗೆ ಸೇರಿದ್ದಾಳೆ, ತೆಳ್ಳಗೆ, ಹಗುರ, ಟಚ್ ಇರುವ ಲ್ಯಾಪ್‌ಟಾಪೇ ಬೇಕಂತೆ, "ನೀವೊಂದು ತೆಗೆದಿದ್ದಿರಲ್ಲ, ಹೇಗುಂಟು?" ಅಂತ. ಹೇಗುಂಟು ಅಂದ್ರೆ ಅಟ್ಟದ ಮೇಲೆ ಉಂಟು. ಅದು ಅಟ್ಟಕ್ಕೆ ಹೋದ ಕಥೆ ಫೋನಿನಲ್ಲಿ ಮುಗಿಯುವುದಲ್ಲ, ಬರೆದು ಹಾಕ್ತೇನೆ ಅಂದೆ. ಕೊಳೆರೋಗದ ಎರಡನೇ ಮದ್ದು ಬಿಟ್ಟು ಆಗಿದೆ, ಹೊರಗೆ ಮಳೆ, ಸಮಯವೂ ಉಂಟು. ಸ್ವಲ್ಪ ಉದ್ದ ಆಗ್ತದೆ, ಓದಿ.

2023ರ ಜೂನಿನಲ್ಲಿ ತೆಗೆದದ್ದು. 72 ಸಾವಿರ ರೂಪಾಯಿ. ಚಾಲಿ ಕಿಲೋಗೆ 450 ಅಂತ ಹಿಡಿದರೆ 160 ಕಿಲೋ ಅಡಿಕೆ. ಅಂಗಡಿಯ ಹುಡುಗ ಅದನ್ನು ಮಡಚಿ ನನ್ನ ಅಂಗೈ ಮೇಲೆ ಇಟ್ಟು "ಹಗುರ ನೋಡಿ ಸಾರ್, 1.2 ಕಿಲೋ" ಅಂದ. ಹೌದು, ಹಾಳೆತಟ್ಟೆ ಹಿಡಿದ ಹಾಗೆ ಇತ್ತು. ಪರದೆಯನ್ನು ಬೆರಳಲ್ಲಿ ಸವರಿ ತೋರಿಸಿದ, ಫೋಟೋ ದೊಡ್ಡದಾಯಿತು, ಸಣ್ಣದಾಯಿತು. ಎಸಿ ಹಾಕಿದ ಅಂಗಡಿ, ಒಣಗಿದ ಕೈ, ಮೇಲೆ ಹದವಾದ ಬೆಳಕು. ನಾನು ದುಡ್ಡು ಕೊಟ್ಟು ಬಂದೆ.

ನಾವು ಅಷ್ಟು ಬುದ್ಧಿ ಇಲ್ಲದವರೇನೂ ಅಲ್ಲ. ಬೋರ್ಡೋ ದ್ರಾವಣ ಮಾಡುವಾಗ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಅಂತ ಅಳತೆ ಸರಿ ಇದ್ದರೂ ಹೊಳೆಯುವ ಕತ್ತಿಯನ್ನು ಒಮ್ಮೆ ಅದ್ದಿ ನೋಡ್ತೇವೆ. ಕತ್ತಿಗೆ ತಾಮ್ರದ ಬಣ್ಣ ಹಿಡಿದರೆ ಸುಣ್ಣ ಸಾಲದು ಅಂತ ಲೆಕ್ಕ. ನೂರು ಲೀಟರ್ ಮದ್ದಿಗೆ ಇಷ್ಟು ಪರೀಕ್ಷೆ ಮಾಡುವವನು 72 ಸಾವಿರದ ಸಾಮಾನನ್ನು ಅಂಗೈಯಲ್ಲಿ ತೂಗಿ ತಂದೆ. ತಪ್ಪು ನನ್ನದು. ಆದರೆ ಮಾರುವವರು ಆ ಒಂದೇ ಪರೀಕ್ಷೆಯನ್ನು ನಮ್ಮ ಮುಂದೆ ಇಡ್ತಾರೆ, ಯಾಕಂದ್ರೆ ಅದರಲ್ಲಿ ಅವರ ಸಾಮಾನು ಪಾಸಾಗುತ್ತದೆ.

ಹಗುರಕ್ಕೆ ಬೆಲೆ ಕೊಡಬಾರದು ಅಂತ ನಾನು ಹೇಳುವುದಿಲ್ಲ. ಕಾರ್ಬನ್ ಫೈಬರ್ ದೋಟಿಗೆ ನಾವೇ ಸಾವಿರಗಟ್ಟಲೆ ಎಣಿಸಿ ಕೊಡ್ತೇವಲ್ಲ. ಅಲ್ಯೂಮಿನಿಯಂ ದೋಟಿ ಹಿಡಿದು ಅರುವತ್ತು ಅಡಿ ಮೇಲಿನ ಗೊನೆಗೆ ಮದ್ದು ಬಿಟ್ಟವನಿಗೆ ಅರ್ಧ ಕಿಲೋ ಅಂದ್ರೆ ಎಂತದು ಅಂತ ಭುಜಕ್ಕೇ ಗೊತ್ತು. ಅಲ್ಲಿ ಹಗುರ ಅಂದ್ರೆ ಕೆಲಸ. ಆ ದೋಟಿಯ ಒಂದು ತುಂಡು ಒಡೆದರೆ ಆ ತುಂಡು ಮಾತ್ರ ಬದಲಿಸಿದರೆ ಆಯಿತು, ಇಡೀ ದೋಟಿ ಬಿಸಾಡುವುದಿಲ್ಲ. ಲ್ಯಾಪ್‌ಟಾಪ್ ನಮ್ಮ ಮನೆಯಲ್ಲಿ ಎಲ್ಲಿಂದ ಎಲ್ಲಿಗೆ ಹೋಗ್ತದೆ? ಚಾವಡಿಯ ಮೇಜಿನಿಂದ ಜಗಲಿಗೆ. ಕರೆಂಟು ಹೋದರೆ ಜಗಲಿಯಿಂದ ಇನ್ವರ್ಟರ್ ಪಾಯಿಂಟ್ ಇರುವ ಕೋಣೆಗೆ. ಇದಕ್ಕೆ 1.2 ಕಿಲೋ ಆದರೆಂತ, 1.7 ಆದರೆಂತ!

ಇದು ತೂಕದ ಮಾತ್ರ ವಿಷಯ ಆಗಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ. ಆ ಅರ್ಧ ಕಿಲೋ ಕಡಿಮೆ ಮಾಡಲಿಕ್ಕೆ ಒಳಗೆ ಎಂತ ಮಾಡ್ತಾರೆ ಅಂತ ಗೊತ್ತಾದದ್ದು ಅದು ಸತ್ತ ಮೇಲೆ.

2024ರ ಅಕ್ಟೋಬರ್. ಸಂಜೆ ಗುಡುಗು ಸಿಡಿಲು ಶುರುವಾಗುವ ಹೊತ್ತು ನಿಮಗೆ ಗೊತ್ತೇ ಉಂಟು, ಹಿಂಗಾರಿನ ಸಿಡಿಲು ಮುಂಗಾರಿನ ಹಾಗೆ ಹೇಳಿ ಬರುವುದಿಲ್ಲ. ನಾನು ಕೊಟ್ಟಿಗೆಯಲ್ಲಿದ್ದೆ. ಪಂಪಿನ ಸ್ಟಾರ್ಟರ್ ತೆಗೆದಿದ್ದೆ, ಟಿವಿಯ ಪ್ಲಗ್ ತೆಗೆದಿದ್ದೆ, ಲ್ಯಾಪ್‌ಟಾಪಿನ ಚಾರ್ಜರ್ ಮರೆತಿತ್ತು. ಒಂದು ಹೊಡೆತ, ಮನೆಯೊಳಗೆ ಚಟ್ ಅಂತ ಶಬ್ದ, ಅಷ್ಟೆ. ದಪ್ಪದ ಲ್ಯಾಪ್‌ಟಾಪ್ ಇದ್ದರೂ ಅವತ್ತು ಸಾಯುತ್ತಿತ್ತು, ಅದನ್ನು ಒಪ್ಪಿಕೊಳ್ತೇನೆ. ಸಿಡಿಲಿಗೆ ತೆಳು ದಪ್ಪ ಅಂತ ಭೇದ ಇಲ್ಲ. ವಾರಂಟಿ ಮುಗಿದಿತ್ತು, ಇದ್ದಿದ್ದರೂ ಸಿಡಿಲಿಗೆ ವಾರಂಟಿ ಬರುವುದಿಲ್ಲ. ನನ್ನ ಸಿಟ್ಟು ಅದರ ನಂತರದ್ದು.

ರಿಪೇರಿಯವರು ಬಿಚ್ಚಿ ನೋಡಿ ಹೇಳಿದ್ದು: ಬೋರ್ಡ್ ಹೋಗಿದೆ, ಹೊಸ ಬೋರ್ಡಿಗೆ 48 ಸಾವಿರ. "ಸರಿ, ಬೋರ್ಡ್ ಬೇಡ, ಒಳಗಿನ ಫೈಲುಗಳನ್ನಾದರೂ ತೆಗೆದುಕೊಡಿ" ಅಂದೆ. "ಆಗುವುದಿಲ್ಲ. ಸ್ಟೋರೇಜ್ ಚಿಪ್ ಬೋರ್ಡಿಗೇ ಬೆಸುಗೆ ಹಾಕಿದ್ದು" ಅಂದರು. ರ‍್ಯಾಮೂ ಹಾಗೆಯೇ. ಬ್ಯಾಟರಿ ಅಂಟು ಹಾಕಿ ಕೂರಿಸಿದ್ದು. ಪರದೆಗೆ ಟಚ್ ಗಾಜು ಅಂಟಿಸಿದ್ದು, ಗಾಜಿಗೆ ಗೀರು ಬಿದ್ದರೂ ಪರದೆ ಸಮೇತ ಇಡೀ ಮುಚ್ಚಳ ಹೊಸದು. ಒಂದು ತುಂಡು ಹಾಳಾದರೆ ಎಲ್ಲವೂ ಹಾಳು.

ಅದರೊಳಗೆ ಇದ್ದದ್ದು ಎಂತ ಅಂದ್ರೆ ನಮ್ಮ ಅಪ್ಪನ ಮಳೆ ಲೆಕ್ಕ. ಪುತ್ತೂರು ಸುಳ್ಯ ಕಡೆ ಮಳೆಮಾಪಕ ಇಟ್ಟುಕೊಂಡು ದಿನಾ ಬೆಳಿಗ್ಗೆ ಬರೆದಿಡುವ ಕೃಷಿಕರು ಎಷ್ಟು ಜನ ಇದ್ದೀರಿ ಅಂತ ನಾನು ಹೇಳಬೇಕಾಗಿಲ್ಲ. ಅಪ್ಪ 1986ರಿಂದ ಡೈರಿಯಲ್ಲಿ ಬರೆದದ್ದು, ಎಷ್ಟು ಮಿಲ್ಲಿಮೀಟರ್, ಯಾವ ದಿನ ಮದ್ದು ಬಿಟ್ಟದ್ದು, ಕೊಳೆ ಯಾವಾಗ ಕಂಡದ್ದು, ಎಲ್ಲ. ಅದನ್ನು ನಾನು ಒಂದು ಮಳೆಗಾಲ ಪೂರ್ತಿ ರಾತ್ರಿ ಕೂತು ಟೈಪ್ ಮಾಡಿದ್ದೆ. ಎರಡು ಡೈರಿಗೆ ಗೆದ್ದಲು ಹಿಡಿದು ಪುಡಿಪುಡಿ ಆಗಿತ್ತು, ಟೈಪ್ ಆಯಿತಲ್ಲ ಅಂತ ಅವನ್ನು ಒಲೆಗೆ ಹಾಕಿದೆ. ಪೆನ್‌ಡ್ರೈವಿಗೆ ಹಾಕಿಡಬೇಕಿತ್ತು ಅಂತ ಈಗ ಎಲ್ಲರೂ ಹೇಳ್ತಾರೆ. ಗೊತ್ತುಂಟು ಮಾರಾಯ್ರೆ.

ಹಳೆಯ ದಪ್ಪ ಲ್ಯಾಪ್‌ಟಾಪ್ ಆಗಿದ್ದರೆ? ಅಡಿಯ ಸ್ಕ್ರೂ ತೆಗೆದು ಎಸ್‌ಎಸ್‌ಡಿಯನ್ನು ಎಳೆದು, ಐನೂರು ಸಾವಿರ ರೂಪಾಯಿಯ ಕವಚಕ್ಕೆ ಹಾಕಿ ಬೇರೆ ಕಂಪ್ಯೂಟರಿಗೆ ಚುಚ್ಚಿ ನೋಡಬಹುದಿತ್ತು. ಎಸ್‌ಎಸ್‌ಡಿಯೂ ಸುಟ್ಟಿರಬಹುದು, ಆದರೆ ನೋಡುವ ಅವಕಾಶವಾದರೂ ಇರುತ್ತಿತ್ತು. ನ್ಯಾಯವಾಗಿ ಹೇಳಬೇಕಾದರೆ ಎಲ್ಲ ತೆಳು ಲ್ಯಾಪ್‌ಟಾಪಿನಲ್ಲೂ ಸ್ಟೋರೇಜ್ ಬೆಸುಗೆ ಹಾಕಿರುವುದಿಲ್ಲ, ಎಷ್ಟೋ ಮಾದರಿಗಳಲ್ಲಿ ಬೇರೆಯೇ ಪಟ್ಟಿಯಾಗಿ ಸ್ಕ್ರೂ ಹಾಕಿರ್ತದೆ. ರ‍್ಯಾಮ್ ಮಾತ್ರ ಹೆಚ್ಚಿನವುಗಳಲ್ಲಿ ಬೆಸುಗೆಯೇ. ಅದಕ್ಕೆ ಕಾರಣವೂ ಉಂಟು: ಕಡಿಮೆ ಕರೆಂಟು ತಿಂದು ವೇಗವಾಗಿ ಓಡುವ ರ‍್ಯಾಮನ್ನು ಪ್ರೊಸೆಸರಿನ ಪಕ್ಕದಲ್ಲೇ ಕೂರಿಸಬೇಕು, ಸ್ಲಾಟ್ ಇಟ್ಟರೆ ದಪ್ಪ ಆಗ್ತದೆ, ದಾರಿ ಉದ್ದ ಆಗ್ತದೆ. ಇದು ಮೋಸ ಅಲ್ಲ, ಆಯ್ಕೆ. ಆದರೆ ಆ ಆಯ್ಕೆಯ ಸುದ್ದಿ ಅಂಗಡಿಯಲ್ಲಿ ಯಾರೂ ಎತ್ತುವುದಿಲ್ಲ.

ನಮ್ಮ ಪಂಪನ್ನು ನೋಡಿ. ವೈಂಡಿಂಗ್ ಸುಟ್ಟರೆ ಪೇಟೆಗೆ ಹೊತ್ತುಕೊಂಡು ಹೋಗ್ತೇವೆ, ತಂತಿ ಸುತ್ತಿ ಕೊಡ್ತಾರೆ, ಬೇರಿಂಗ್ ಹೋದರೆ ಬೇರಿಂಗ್. ಬ್ರಷ್ ಕಟರಿನ ಕಾರ್ಬ್ಯುರೇಟರ್ ನಾವೇ ಬಿಚ್ಚಿ ತೊಳೆದು ಕೂರಿಸ್ತೇವೆ. ಪಂಪ್ ಕಂಪೆನಿಯವನು ಬಂದು "ಇನ್ನು ಮೇಲೆ ಅರ್ಧ ಇಂಚು ತೆಳ್ಳಗಿನ ಪಂಪ್, ಆದರೆ ಸುಟ್ಟರೆ ಬಿಚ್ಚಲಿಕ್ಕಿಲ್ಲ, ಹೊಸದೇ ತೆಗೆಯಬೇಕು" ಅಂದರೆ ಅವನನ್ನು ನಾವು ಗೇಟಿನಿಂದ ಒಳಗೆ ಬಿಡ್ತೇವಾ? ಲ್ಯಾಪ್‌ಟಾಪಿಗೆ ಮಾತ್ರ ಯಾಕೆ ಈ ಮರ್ಯಾದೆ?

ತೆಳುವಾಗಬೇಕಾದರೆ ಮುಚ್ಚಿಯೇ ಇಡಬೇಕು ಅಂತ ಕಂಪೆನಿಗಳು ಹೇಳುವ ಮಾತೂ ಪೂರ್ತಿ ನಿಜ ಅಲ್ಲ. ಲ್ಯಾಪ್‌ಟಾಪ್, ಫೋನುಗಳನ್ನು ಬಿಚ್ಚಿ ನೋಡಿ ರಿಪೇರಿಗೆ ಎಷ್ಟು ಸುಲಭ ಅಂತ ಅಂಕ ಕೊಡುವ ಐಫಿಕ್ಸಿಟ್ ಅಂತ ಅಮೆರಿಕದ ಒಂದು ಸಂಸ್ಥೆ ಉಂಟು. ಮೈಕ್ರೋಸಾಫ್ಟಿನವರ ತೆಳ್ಳಗಿನ ಟಚ್ ಯಂತ್ರ ಸರ್ಫೇಸ್ ಲ್ಯಾಪ್‌ಟಾಪಿಗೆ 2017ರಲ್ಲಿ ಅವರು ಕೊಟ್ಟದ್ದು ಹತ್ತರಲ್ಲಿ ಸೊನ್ನೆ. ಬಿಚ್ಚಬೇಕಾದರೆ ಹರಿದೇ ಬಿಚ್ಚಬೇಕಿತ್ತು. ಎರಡು ವರ್ಷ ಕಳೆದು ಅದೇ ಕಂಪೆನಿಯ ಮೂರನೇ ಮಾದರಿಗೆ ಹತ್ತರಲ್ಲಿ ಐದು ಸಿಕ್ಕಿತು, ಅದರಲ್ಲಿ ಸ್ಟೋರೇಜ್ ತೆಗೆಯುವ ಹಾಗೆ ಮಾಡಿದ್ದರು. ದಪ್ಪ ಏನೂ ಆಗಲಿಲ್ಲ. ಫ್ರೇಮ್‌ವರ್ಕ್ ಅಂತ ಇನ್ನೊಂದು ಕಂಪೆನಿ 2021ರಿಂದ 1.3 ಕಿಲೋ ತೂಕದ ಲ್ಯಾಪ್‌ಟಾಪ್ ಮಾಡ್ತದೆ, ಪೆಟ್ಟಿಗೆಯಲ್ಲಿ ಸ್ಕ್ರೂಡ್ರೈವರ್ ಕೂಡಾ ಇಟ್ಟು ಕೊಡ್ತಾರೆ. ನಮ್ಮ ಪೇಟೆಯ ಅಂಗಡಿಗಳಲ್ಲಿ ನಾನದನ್ನು ಕಂಡಿಲ್ಲ. ಆಗುವುದೇ ಇಲ್ಲ ಅನ್ನುವುದಕ್ಕೆ ಉತ್ತರ ಉಂಟು ಅಂತ ಹೇಳಲಿಕ್ಕೆ ಬರೆದೆ.

ಕೇಂದ್ರ ಸರಕಾರದ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ರಿಪೇರಿ ಹಕ್ಕು ಅಂತ ಸಮಿತಿ ಮಾಡಿತು. ಅದರಲ್ಲಿ ಮೊದಲು ಆರಿಸಿದ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಯಂತ್ರಗಳೂ ಇವೆ, ಮೊಬೈಲು ಮತ್ತು ಎಲೆಕ್ಟ್ರಾನಿಕ್ಸೂ ಇವೆ. ಅಂದ್ರೆ ಎರಡೂ ಕಡೆಯಿಂದ ಅದು ನಮ್ಮದೇ ವಿಷಯ. ಅಡಿಕೆ ಆಮದಿನ ಬಗ್ಗೆ ಮನವಿ ಕೊಡುವಷ್ಟು ಗೌಜಿ ಇದಕ್ಕೆ ಬೇಡ, ಆದರೆ ಸಭೆಗಳಲ್ಲಿ ಒಂದು ಮಾತು ಎತ್ತಬಹುದು.

ಇನ್ನು ಟಚ್.

ಈಗಿನ ಟಚ್ ಪರದೆ ಬೆರಳಿನ ಒತ್ತಡ ನೋಡುವುದಲ್ಲ, ಬೆರಳಿನ ವಿದ್ಯುತ್ ಗುಣವನ್ನು ಹಿಡಿಯುವುದು. ಅದಕ್ಕೆ ನೀರಿನ ಹನಿಯೂ ಬೆರಳೇ. ವರ್ಷಕ್ಕೆ ನಾಲ್ಕು ಸಾವಿರ ಮಿಲ್ಲಿಮೀಟರ್ ಆಸುಪಾಸು ಮಳೆ ಬೀಳುವ ಊರಿನಲ್ಲಿ, ಆಟಿಯಲ್ಲಿ ಗೋಡೆಯೇ ಬೆವರುವಾಗ, ಒಣಗಿದ ಕೈ ಎಲ್ಲಿಂದ ತರುವುದು? ನಾನು ಒಂದು ಕಡೆ ಒತ್ತಿದರೆ ಅದು ಇನ್ನೊಂದು ಕಡೆ ತೆರೆಯುತ್ತಿತ್ತು. ಅಡಿಕೆ ಸುಲಿದ ಕೈಯ ಕಲೆ ಪರದೆಗೆ ಹತ್ತಿದರೆ ಉಜ್ಜಿದಷ್ಟೂ ಹರಡ್ತದೆ. ಟಚ್ ಇರುವ ಪರದೆ ಹೆಚ್ಚಾಗಿ ಕನ್ನಡಿಯ ಹಾಗೆ ಹೊಳೆಯುವುದು, ಜಗಲಿಯಲ್ಲಿ ಕೂತರೆ ಲೆಕ್ಕದ ಬದಲು ನನ್ನ ಮುಖವೂ ಹಿಂದಿನ ತೆಂಗಿನ ಮರವೂ ಕಾಣುತ್ತಿತ್ತು. ಬೆರಳು ಚಾಚಿ ಒತ್ತುವಾಗ ತೆಳ್ಳಗಿನ ಮುಚ್ಚಳ ಹಿಂದೆ ವಾಲುತ್ತದೆ, ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಒತ್ತಬೇಕು. ಒಂದು ವರ್ಷದಲ್ಲಿ ನಾನು ಟಚ್ ಬಳಸಿದ್ದು ಮೊದಲ ಒಂದು ತಿಂಗಳು, ಮತ್ತೆ ನೆಂಟರ ಮಕ್ಕಳು ಬಂದಾಗ.

ಟಚ್ ಇದ್ದರೆ ಕಂಪ್ಯೂಟರ್ ಗೊತ್ತಿಲ್ಲದವರಿಗೆ ಸುಲಭ ಅಂತ ಒಂದು ವಾದ ಉಂಟು. ಅದು ಹೊಸ ಮಾತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಸೇರಿ ಸಿಂಪ್ಯೂಟರ್ ಅಂತ ಮಾಡಿದ್ದು ಕೆಲವರಿಗೆ ನೆನಪಿರಬಹುದು. 2001ರಲ್ಲಿ ಮಾದರಿ ತೋರಿಸಿದರು, 2004ರಲ್ಲಿ ಅಮಿಡಾ ಅನ್ನುವ ಹೆಸರಿನಲ್ಲಿ ಮಾರಾಟಕ್ಕೆ ಬಂತು, ಬೆಲೆ ಹತ್ತು ಸಾವಿರದ ಹತ್ತಿರ. ಅಂಗೈ ಅಗಲದ್ದು, ಕಡ್ಡಿಯಲ್ಲಿ ಪರದೆ ಮುಟ್ಟಿ ಕೆಲಸ ಮಾಡುವುದು, ಹಳ್ಳಿಯವರಿಗೆ ಅಂತಲೇ ಹೊರಟದ್ದು. ಓಡಲಿಲ್ಲ, ಕೆಲವೇ ಸಾವಿರ ಮಾರಾಟ ಆಗಿ ನಿಂತಿತು. ಆದರೆ ಅವರು ಶುರು ಮಾಡಿದ ಜಾಗವನ್ನು ನಾನು ಮೆಚ್ಚುತ್ತೇನೆ: ಹಳ್ಳಿಯಲ್ಲಿ ಒಂದೊಂದು ಮನೆಗೆ ಒಂದೊಂದು ತೆಗೆಯಲಿಕ್ಕೆ ಆಗುವುದಿಲ್ಲ, ಒಂದನ್ನೇ ಹತ್ತು ಜನ ಬಳಸಲಿ ಅಂತ ಪ್ರತಿಯೊಬ್ಬನಿಗೂ ಒಂದು ಸ್ಮಾರ್ಟ್ ಕಾರ್ಡ್ ಇಟ್ಟಿದ್ದರು. ಕಾರ್ಡ್ ಹಾಕಿದರೆ ನಿಮ್ಮ ಲೆಕ್ಕ, ತೆಗೆದರೆ ಇನ್ನೊಬ್ಬರದ್ದು. ನಿಮ್ಮ ಲೆಕ್ಕ ನಿಮ್ಮ ಕಿಸೆಯಲ್ಲಿ, ಯಂತ್ರದ ಹೊಟ್ಟೆಯಲ್ಲಿ ಅಲ್ಲ. ಇಪ್ಪತ್ತು ವರ್ಷ ಕಳೆದು ನನಗೆ ಸಿಕ್ಕಿದ್ದು ಅದರ ತದ್ವಿರುದ್ಧ. ಮುಟ್ಟಿ ಮಾಡುವ ಕೆಲಸಕ್ಕೆ ಈಗ ಎಲ್ಲರ ಕೈಯಲ್ಲೂ ಫೋನುಂಟು. ಬೆಳೆ ಸಮೀಕ್ಷೆಯ ಆ್ಯಪ್, ದಿಶಾಂಕ್‌ನಲ್ಲಿ ಸರ್ವೆ ನಂಬ್ರ ನೋಡುವುದು, ಎಲ್ಲ ಅದರಲ್ಲೇ. ಅಮ್ಮ ಜಿಬೋರ್ಡಿನಲ್ಲಿ ಬೆರಳಿಂದ ಕನ್ನಡ ಬರೆದು ವಾಟ್ಸಾಪ್ ಕಳಿಸ್ತಾರೆ, ಅಕ್ಷರ ಚೆನ್ನಾಗಿಯೇ ಬರ್ತದೆ. ಲ್ಯಾಪ್‌ಟಾಪ್ ತೆರೆಯುವುದು ಟೈಪ್ ಮಾಡಲಿಕ್ಕೆ, ದೊಡ್ಡ ಲೆಕ್ಕ ಮಾಡಲಿಕ್ಕೆ, ಕಾವೇರಿ ತಾಣದಲ್ಲಿ ಋಣಭಾರ ಪತ್ರಕ್ಕೆ ಅರ್ಜಿ ತುಂಬಲಿಕ್ಕೆ, ಮಕ್ಕಳ ಪಾಠಕ್ಕೆ.

ಟೈಪ್ ಅಂದಾಗ ಕೀಲಿಮಣೆ ಬಂತು. ಯಂತ್ರ ತೆಳು ಮಾಡುವಾಗ ಕೀಲಿಯೂ ತೆಳು ಆಗ್ತದೆ, ಒತ್ತಿದರೆ ಇಳಿಯುವುದೇ ಗೊತ್ತಾಗುವುದಿಲ್ಲ. ಕತ್ತಿ ಹಿಡಿದು ದಪ್ಪವಾದ ಬೆರಳಿಗೆ ಅದು ಕಷ್ಟ, ಕನ್ನಡಕ್ಕೆ ಇನ್ನೂ ಕಷ್ಟ, ಒಂದು ಒತ್ತಕ್ಷರಕ್ಕೆ ಮೂರು ಕೀಲಿ ಬೀಳಬೇಕು. ನುಡಿಯಲ್ಲಿ ನಾವು ಬಳಸುವ ಕನ್ನಡ ಕೀಲಿ ವಿನ್ಯಾಸದ ಹಿಂದೆ ಇರುವ ಕೆ.ಪಿ. ರಾವ್ ಅವರು ನಮ್ಮ ಜಿಲ್ಲೆಯವರೇ, ಕಿನ್ನಿಕಂಬಳದವರು. ಇರುವ ಇಂಗ್ಲಿಷ್ ಕೀಲಿಯಲ್ಲೇ ಕನ್ನಡ ಸಲೀಸಾಗಿ ಬರುವ ಹಾಗೆ ಅವರು ತಲೆ ಓಡಿಸಿದರು. 1988ರಿಂದ ಪುತ್ತೂರಿನಿಂದ ಬರುವ ಅಡಿಕೆ ಪತ್ರಿಕೆ ಕೃಷಿಕರೇ ಬರೆಯಬೇಕು ಅಂತ ನಮ್ಮ ಕೈಗೆ ಪೆನ್ನು ಕೊಟ್ಟಿತು. ಬರೆಯುವ ಅಭ್ಯಾಸ ಇರುವ ಊರು ಇದು. ನಮಗೆ ಪರದೆ ಸವರುವುದಕ್ಕಿಂತ ಕೀಲಿ ಒತ್ತುವುದು ಮುಖ್ಯ.

ಅದರಲ್ಲಿ ಒಳ್ಳೆಯದು ಇರಲೇ ಇಲ್ಲವಾ? ಇತ್ತು. ಕರೆಂಟು ಬಹಳ ಕಡಿಮೆ ತಿನ್ನುತ್ತಿತ್ತು, ಮಳೆಗಾಲದಲ್ಲಿ ದಿನಗಟ್ಟಲೆ ಇನ್ವರ್ಟರಿನಲ್ಲೇ ಬದುಕುವವರಿಗೆ ಅದು ಸಣ್ಣ ಸಂಗತಿ ಅಲ್ಲ. ಚಾರ್ಜರ್ ಯುಎಸ್‌ಬಿ-ಸಿ, ಹಾಳಾದರೆ ಎಲ್ಲಿಯೂ ಸಿಗ್ತದೆ. ಫ್ಯಾನ್ ಇರಲಿಲ್ಲ, ಹಾಗಾಗಿ ಅಂಗಳದ ಅಡಿಕೆ ಧೂಳು ಒಳಗೆ ಹೋಗುವ ದಾರಿಯೂ ಕಡಿಮೆ. ಈಗ ಇರುವ ದಪ್ಪದ್ದರ ಫ್ಯಾನಿನಿಂದ ನಾನು ಮೊನ್ನೆ ಹಲ್ಲಿ ಮರಿಯ ಅಸ್ಥಿಪಂಜರ ತೆಗೆದೆ.

ಆದರೆ "ಸೇನಾ ದರ್ಜೆಯ ಗಟ್ಟಿತನ" ಅಂತ ಪೆಟ್ಟಿಗೆ ಮೇಲೆ ಬರೆದದ್ದನ್ನು ನಂಬಿ ಹೋಗಬೇಡಿ. ಮಿಲ್-ಎಸ್‌ಟಿಡಿ-810 ಅನ್ನುವುದು ಅಮೆರಿಕದ ಸೇನೆಯ ಪರೀಕ್ಷಾ ವಿಧಾನಗಳ ದೊಡ್ಡ ಕಟ್ಟು. ಬೀಳಿಸುವುದು, ಧೂಳು, ತೇವ, ಉಪ್ಪಿನ ಮಂಜು, ಫಂಗಸ್ ಎಲ್ಲ ಅದರಲ್ಲಿ ಉಂಟು. ಯಾವುದನ್ನು ಮಾಡಿಸುವುದು ಅಂತ ಆರಿಸುವವನು ಕಂಪೆನಿಯವನೇ. ನಮಗೆ ಬೇಕಾದ್ದು ತೇವ ಮತ್ತು ಫಂಗಸ್. ಅದು ಪಟ್ಟಿಯಲ್ಲಿ ಉಂಟಾ ಅಂತ ಕೇಳಿ ನೋಡಿ, ಹುಡುಗ ಮ್ಯಾನೇಜರನ್ನು ಕರೀತಾನೆ.

ಮಕ್ಕಳು ಬಸ್ಸಿನಲ್ಲಿ ಹೊತ್ತುಕೊಂಡು ಹೋಗಬೇಕಲ್ಲ ಅಂತ ಕಡಬದ ಮಿತ್ರರು ಹೇಳಿದರು. ಸರಿ. ಅರ್ಧ ಕಿಲೋ ಅಂದ್ರೆ ಒಂದು ಸಣ್ಣ ನೀರಿನ ಬಾಟಲಿ. 2021ರ ಜೂನಿನಲ್ಲಿ ಸುಳ್ಯದ ಬಳ್ಳಕದಲ್ಲಿ ರಸ್ತೆ ಬದಿಯಲ್ಲಿ ಕೂತು ಪಾಠ ಕೇಳುವ ಹುಡುಗಿಗೆ ಅಪ್ಪ ಕೊಡೆ ಹಿಡಿದು ನಿಂತ ಫೋಟೋ ದೇಶವೆಲ್ಲ ಸುತ್ತಿತು. ಆ ಫೋಟೋದಲ್ಲಿ ಯಾವುದು ಭಾರ ಆಗಿತ್ತು ಹೇಳಿ. ನೆಟ್‌ವರ್ಕ್ ಇಲ್ಲದ್ದು, ಮಳೆ. ನಮ್ಮ ಮಕ್ಕಳ ಕಷ್ಟ ಬೇರೆಯೇ ಉಂಟು, ಅದನ್ನು ಗ್ರಾಂ ಲೆಕ್ಕದಲ್ಲಿ ಕಡಿಮೆ ಮಾಡಲಿಕ್ಕೆ ಆಗುವುದಿಲ್ಲ. ಆ ಹುಡುಗಿಯ ಕೈಯಲ್ಲಿ ಹೊಸದೊಂದು ಕೊಡಬೇಕಾದರೆ ನಾನು ನಾಲ್ಕು ವರ್ಷ ಬಾಳುವುದನ್ನು ಕೊಡ್ತೇನೆ, ಎರಡನೇ ವರ್ಷ ಬೋರ್ಡಿಗೆ 48 ಸಾವಿರ ಕೇಳುವುದನ್ನಲ್ಲ. ಸಂಪಾಜೆ, ಅರಂತೋಡು ಕಡೆಯ ಹಳದಿ ರೋಗ ಬಂದ ತೋಟದವರಿಗೆ, ಎಲೆಚುಕ್ಕಿಯಿಂದ ಅರ್ಧ ಫಸಲು ಹೋದವರಿಗೆ ಎರಡೆರಡು ಸಲ 72 ಸಾವಿರ ಎಲ್ಲಿಂದ?

ಹಾಗಾಗಿ ಮಿತ್ರರಿಗೆ ನಾನು ಹೇಳುವುದು ಇಷ್ಟು. ಅಂಗಡಿಗೆ ಹೋದರೆ ಮೊದಲು ಲ್ಯಾಪ್‌ಟಾಪನ್ನು ಬೋರಲು ಹಾಕಿ. ಕಣ್ಣಿಗೆ ಕಾಣುವ ಸಾಧಾರಣ ಸ್ಕ್ರೂ ಇದೆಯಾ ನೋಡಿ. ಇಲ್ಲದಿದ್ದರೆ ಅಲ್ಲಿಗೇ ಅರ್ಧ ಉತ್ತರ ಸಿಕ್ಕಿತು. ಸ್ಟೋರೇಜ್ ತೆಗೆಯಲಿಕ್ಕೆ ಬರ್ತದಾ ಅಂತ ಕೇಳಿ, ಬರುವುದಿಲ್ಲ ಅಂದ್ರೆ ಕೈಮುಗಿದು ಹೊರಗೆ ಬನ್ನಿ, ಇದರಲ್ಲಿ ರಾಜಿ ಬೇಡ. ರ‍್ಯಾಮ್ ಬೆಸುಗೆಯದ್ದಾದರೆ ಮೊದಲೇ 16 ಜಿಬಿ ಇರುವುದನ್ನು ತೆಗೆಯಿರಿ, ಮತ್ತೆ ಹೆಚ್ಚಿಸಲಿಕ್ಕೆ ಆಗುವುದಿಲ್ಲ. ಬ್ಯಾಟರಿಗೆ ಎಷ್ಟು, ಪರದೆಗೆ ಎಷ್ಟು, ಬರೆದು ಕೊಡಿ ಅನ್ನಿ. ಮನೆಗೆ ಬಂದು ರಿಪೇರಿ ಅಂತ ಜಾಹೀರಾತಿನಲ್ಲಿ ಇದ್ದರೆ ನಿಮ್ಮ ಪಿನ್‌ಕೋಡ್ ಹೇಳಿ, ಆ ಮಾತು ಎಲ್ಲಿಯವರೆಗೆ ಬರ್ತದೆ ಅಂತ ಗೊತ್ತಾಗ್ತದೆ. ಅದನ್ನು ಬಾಗಿಲಿನ ಹತ್ತಿರ ಬಿಸಿಲಿಗೆ ತಂದು ಪರದೆ ಓದಿ ನೋಡಿ. ಟಚ್ ಬೇಕೇ ಬೇಕು ಅಂತಾದರೆ ಒದ್ದೆ ಕರ್ಚೀಫಿನಲ್ಲಿ ಬೆರಳು ಒರಸಿ ಮುಟ್ಟಿ ನೋಡಿ. ನಕ್ಕರೆ ನಗಲಿ. ಮತ್ತೆ ಕನ್ನಡದಲ್ಲಿ ನಾಲ್ಕು ಸಾಲು ಟೈಪ್ ಮಾಡಿ.

ನಾನೀಗ ಬಳಸುವುದು ಆಫೀಸಿನವರು ಬಿಟ್ಟ ಹಳೆಯ ಥಿಂಕ್‌ಪ್ಯಾಡ್, 24 ಸಾವಿರಕ್ಕೆ ಸಿಕ್ಕಿದ್ದು. 1.7 ಕಿಲೋ, ಟಚ್ ಇಲ್ಲ, ನೋಡಲಿಕ್ಕೆ ಕಪ್ಪು ಇಟ್ಟಿಗೆ. ರ‍್ಯಾಮನ್ನು ನಾನೇ ಹಾಕಿದೆ, ಬ್ಯಾಟರಿಯನ್ನು ನಾನೇ ಬದಲಿಸಿದೆ, ಜಗಲಿಯಲ್ಲಿ ಕೂತು, ಒಂದು ಸ್ಕ್ರೂಡ್ರೈವರ್ ಹಿಡಿದು. ಹಳೆಯದು ತೆಗೆಯುವವರು ಒಂದು ನೋಡಿಕೊಳ್ಳಿ: ವಿಂಡೋಸ್ 10ರ ಸುರಕ್ಷತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್ ಆದರೆ ಎಂಟನೇ ತಲೆಮಾರಿನದ್ದು ಅಥವಾ ಅದರಿಂದ ಹೊಸದು ಬೇಕು, ಇಲ್ಲದಿದ್ದರೆ 11 ಸರಿಯಾಗಿ ಹಾಕಲಿಕ್ಕೆ ಬರುವುದಿಲ್ಲ, ಲಿನಕ್ಸ್ ಹಾಕಬೇಕು. ಯಾವುದನ್ನೇ ತೆಗೆದರೂ ಗುಡುಗು ಕೇಳಿದ ಕೂಡಲೇ ಪ್ಲಗ್ ಎಳೆಯಿರಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಬರೆದದ್ದನ್ನು ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ಹಾಕಿ ಬೇರೆ ಕೋಣೆಯಲ್ಲಿಡಿ.

ಮಳೆ ಲೆಕ್ಕ ಮತ್ತೆ ಮೊದಲಿನಿಂದ ಟೈಪ್ ಮಾಡ್ತಾ ಇದ್ದೇನೆ, ಉಳಿದ ಡೈರಿಗಳಿಂದ. ಈಗ 2003ಕ್ಕೆ ಬಂದಿದ್ದೇನೆ. 1994 ಮತ್ತು 1995ರ ಸಾಲುಗಳು ಖಾಲಿ. ಸುಬ್ರಹ್ಮಣ್ಯ, ಪಂಜ, ಬೆಳ್ಳಾರೆ, ಸವಣೂರು ಸುತ್ತಿನಲ್ಲಿ ಯಾರ ಮನೆಯಲ್ಲಾದರೂ ಆ ಎರಡು ವರ್ಷದ ದಿನವಹಿ ಲೆಕ್ಕ ಇದ್ದರೆ ಒಂದು ಫೋಟೋ ತೆಗೆದು ಕಳಿಸಿ. ನಮ್ಮ ಜಾಗದ್ದೇ ಮಳೆ ಅದು ಆಗುವುದಿಲ್ಲ, ಆದರೂ ಪಕ್ಕದಲ್ಲಿ ಬರೆದಿಡ್ತೇನೆ.